ಮರಿ ಕದ್ದವರೇ ಗೂಡಿನ ಕಾವಲಿಗೆ

ಪೊಟರೆಗೆ ಕೈ ಹಾಕಿ ಗಿಳಿಮರಿ ತೆಗೆಯುವುದು ಎಲ್ಲರಿಗೂ ಬರುವ ಕೆಲಸವಲ್ಲ. ಗೂಡಿರುವ ಮರ ಯಾವುದು, ಮರಿ ಎಷ್ಟು ಬಲಿತಿದೆ, ಯಾವ ಕೊಂಬೆ ಭಾರ ತಡೆದೀತು ಎಂಬುದೆಲ್ಲ ವರ್ಷಗಟ್ಟಲೆ ಹತ್ತಿಳಿದವರಿಗೇ ಗೊತ್ತು. ಫಿಲಿಪ್ಪೀನ್ಸ್‌ನ ಪಲಾವಾನ್‌ನಲ್ಲಿ ಈ ಕೈಚಳಕವೇ ಒಂದು ಹಕ್ಕಿಯ ಸಂತಾನವನ್ನು ಬರಿದು ಮಾಡಿತ್ತು.

ಹಕ್ಕಿಯ ಹೆಸರು ಕಟಾಲಾ. ಕಾಕಟೂ ಜಾತಿಯದು. ಮೈಯೆಲ್ಲ ಬಿಳಿ, ತಲೆಗೊಂದು ಜುಟ್ಟು, ಬಾಲದಡಿ ಕುಂಕುಮ ಚೆಲ್ಲಿದಂಥ ಕೆಂಪು. ಆ ದೇಶ ಬಿಟ್ಟರೆ ಬೇರೆ ಕಾಡಿನಲ್ಲಿ ಇಲ್ಲ. ಮಾತು ಕಲಿಯುವ ಜಾಣತನವೇ ಅದಕ್ಕೆ ಮುಳುವಾಯಿತು. ಬೆಳೆ ತಿನ್ನುತ್ತದೆಂದು ರೈತರೂ ಅಟ್ಟಿದರು. ನಾರಾ ಪಟ್ಟಣದ ಎದುರಿಗಿರುವ ರಾಸಾ ಎಂಬ ಪುಟ್ಟ ದ್ವೀಪದಲ್ಲಿ 1998ರ ಹೊತ್ತಿಗೆ ಉಳಿದಿದ್ದು ಸುಮಾರು 25.

ಅಲ್ಲಿಗೆ ಬಂದವರು ಇಂದಿರಾ ಲಸೆರ್ನಾ-ವಿಡ್ಮನ್ (ಹೆಸರು ನಮ್ಮದೆನಿಸಿದರೂ ಅವರು ಫಿಲಿಪ್ಪೀನ್ಸ್‌ನವರೇ) ಮತ್ತು ಪತಿ ಪೀಟರ್. ಕಟಾಲಾ ಫೌಂಡೇಶನ್ ಕಟ್ಟಿದ ಈ ದಂಪತಿ ಮರಿಗಳ್ಳರನ್ನು ಹಿಡಿದುಕೊಡುವ ಬದಲು ಕೆಲಸಕ್ಕೆ ಕರೆದರು. ಸಂಬಳ ಕೊಟ್ಟು, ವನ್ಯಜೀವಿ ಕಾವಲುಗಾರರೆಂಬ ಅಧಿಕಾರವನ್ನೂ ಕೊಡಿಸಿದರು. ಹಕ್ಕಿಯ ಮೇಲಿನ ಪ್ರೀತಿಯೊಂದರಿಂದಲೇ ಆ ಕಳ್ಳರು ಬದಲಾದರು ಎಂದು ನಾನು ನಂಬುವುದಿಲ್ಲ. ಗೂಡಿನ ಕಾಲದಲ್ಲಷ್ಟೇ ಸಿಗುವ ಕಳ್ಳಕಾಸಿಗಿಂತ ತಿಂಗಳ ಸಂಬಳ ಮೇಲು. ಊರಿನಲ್ಲಿ ತಲೆಯೆತ್ತಿ ಓಡಾಡುವುದು ಇನ್ನೂ ಮೇಲು. ಮರ ಅದೇ, ಹತ್ತುವವರೂ ಅವರೇ. ಈಗ ಮರಿಯನ್ನು ಇಳಿಸಿ, ತೂಕ ನೋಡಿ, ಮತ್ತೆ ಪೊಟರೆಗೆ ಬಿಟ್ಟು ಬರುತ್ತಾರೆ.

ಆಮೇಲೂ ಎಲ್ಲವೂ ಸಲೀಸಾಗಿರಲಿಲ್ಲ. ಬರ ಬಿದ್ದ ವರ್ಷ ಮರಿಗಳು ಹಸಿದು ಸೊರಗಿದವು. ಕಟಾಲಾಗಳಿಗೆ ಬಲು ಇಷ್ಟದ ತಿನಿಸು, ನಂಬಿ, ನಮ್ಮ ನುಗ್ಗೆಕಾಯಿ! ನಾವು ಸಾರಿಗೆ ಹಾಕುವುದನ್ನು ಅವು ಮರದಲ್ಲೇ ಸಿಗಿದು ಬೀಜ ತಿನ್ನುತ್ತವೆ.

ರಾಸಾ 2006ರಲ್ಲಿ ವನ್ಯಜೀವಿಧಾಮವಾಯಿತು. ಫಿಲಿಪ್ಪೀನ್ಸ್‌ಗೆ 2001ರಲ್ಲೇ ವನ್ಯಜೀವಿ ಕಾಯ್ದೆ ಬಂದಿತ್ತು. ಕಾಯ್ದೆ ನಮಗೂ ಇದೆ, 1972ರಿಂದ. ಆದರೂ ಹಸಿರು ಗಿಳಿ ಪಂಜರದಲ್ಲಿ ಕೂತು ಶಾಸ್ತ್ರದ ಚೀಟಿ ಎತ್ತುವುದನ್ನು ನೋಡದವರು ಕಡಿಮೆ. ಕಾನೂನು ಪುಸ್ತಕ ಮರದ ಬುಡದಲ್ಲಿ ರಾತ್ರಿ ಕಾಯುವುದಿಲ್ಲವಲ್ಲ.

ಸಂಜೆ, ಎದುರು ದಡದಲ್ಲಿ ಮೇಯ್ದ ಕಟಾಲಾಗಳು ಗದ್ದಲವೆಬ್ಬಿಸುತ್ತ ರಾಸಾದ ಕಾಂಡ್ಲಾ ಮರಗಳಿಗೆ ಮರಳುತ್ತವೆ. ಅದೇ ಕಾವಲುಗಾರರಿಗೆ ಎಣಿಸುವ ಹೊತ್ತು. ಲೆಕ್ಕ 300ರ ಹತ್ತಿರ ಬಂದಿದೆ. ಈಗಿನ ಚಿಂತೆ ಬೇರೆ: ದ್ವೀಪದಲ್ಲಿ ಪೊಟರೆಯಿರುವ ದೊಡ್ಡ ಮರಗಳೇ ಸಾಲವು.