ದೇವರಾಜ ಅರಸು: ಒಂದು ಫಾರಂ, ಒಂದು ಪಟ್ಟಿ

ಕಾಲೇಜಿಗೆ ಸೇರುವಾಗ ಅರ್ಜಿಯಲ್ಲಿ 'ಪ್ರವರ್ಗ' ಎಂಬ ಕಲಂ ಇರುತ್ತದೆ. ನಮ್ಮಲ್ಲಿ ಹೆಚ್ಚಿನವರು ಅಲ್ಲಿ 2ಬಿ ಎಂದು ಬರೆದು ಮುಂದಕ್ಕೆ ಹೋಗುತ್ತೇವೆ. ಆ ಕಲಂನ ಕಥೆಯಲ್ಲಿ ತಪ್ಪದೆ ಬರುವ ಹೆಸರು ಡಿ. ದೇವರಾಜ ಅರಸು ಅವರದು.

ಅರಸು ಹುಟ್ಟಿದ್ದು 1915ರ ಆಗಸ್ಟ್ 20ರಂದು. ಊರು ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿ. ಬೆಂಗಳೂರಿನಲ್ಲಿ ಬಿ.ಎಸ್ಸಿ. ಮುಗಿಸಿ ಊರಿಗೆ ಮರಳಿ ಬೇಸಾಯ ಮಾಡಿದರು. 1952ರಲ್ಲಿ ಹುಣಸೂರಿನಿಂದ ಶಾಸಕರಾದರು, 1972ರಲ್ಲಿ ಮುಖ್ಯಮಂತ್ರಿ. ಅವರಿಗಿಂತ ಮೊದಲಿನ ಮುಖ್ಯಮಂತ್ರಿಗಳು ಲಿಂಗಾಯತರು ಅಥವಾ ಒಕ್ಕಲಿಗರು. ಅರಸು ಸಮುದಾಯವೋ ಬಹಳ ಚಿಕ್ಕದು. ಸ್ವಂತ ಜಾತಿಯನ್ನು ನಂಬಿ ರಾಜ್ಯ ಆಳುವಂತಿರಲಿಲ್ಲ. ಹಾಗಾಗಿ ಯಾರೂ ಲೆಕ್ಕಕ್ಕೆ ಹಿಡಿಯದ ಸಣ್ಣ ಸಣ್ಣ ಸಮುದಾಯಗಳನ್ನು ಅವರು ಕೂಡಿಸಿದರು. ಇದರಲ್ಲಿ ಆದರ್ಶ ಎಷ್ಟು, ರಾಜಕೀಯ ಲೆಕ್ಕಾಚಾರ ಎಷ್ಟು ಎಂದು ಬೇರ್ಪಡಿಸುವುದು ಕಷ್ಟ. ಎರಡೂ ಇದ್ದವು ಎಂದೇ ನನಗನಿಸುತ್ತದೆ.

ಮೊದಲು ಫಾರಂ ವಿಷಯ. 1961ರ ಭೂ ಸುಧಾರಣಾ ಕಾಯ್ದೆಯಲ್ಲಿ, ಸ್ವಂತ ಬೇಸಾಯಕ್ಕೆ ಬೇಕೆಂದು ಹೇಳಿ ಒಡೆಯ ಜಮೀನು ವಾಪಸ್ ಪಡೆಯಲು ದಾರಿ ಇತ್ತು. ಅರಸು ಸರ್ಕಾರದ ತಿದ್ದುಪಡಿ ಆ ದಾರಿ ಮುಚ್ಚಿತು. 1974ರ ಮಾರ್ಚ್ 1ರಿಂದ ಗೇಣಿ ಜಮೀನು ಸರ್ಕಾರಕ್ಕೆ ಸೇರಿತು. ಉಳುತ್ತಿದ್ದವನು ನಮೂನೆ 7ರಲ್ಲಿ ಅರ್ಜಿ ಹಾಕಬೇಕು, ಭೂ ನ್ಯಾಯಮಂಡಳಿ ವಿಚಾರಿಸಿ ಹಕ್ಕು ಕೊಡಬೇಕು. ಮಂಡಳಿಯಲ್ಲಿ ಅಸಿಸ್ಟೆಂಟ್ ಕಮಿಷನರ್ ಜೊತೆ ಸರ್ಕಾರ ನೇಮಿಸಿದ ಸದಸ್ಯರೂ ಇದ್ದರು. ವಕೀಲರಿಗೆ ಮಾತ್ರ ಅಲ್ಲಿ ಪ್ರವೇಶವಿರಲಿಲ್ಲ! ಒಡೆಯ ದೊಡ್ಡ ವಕೀಲರನ್ನು ತಂದು ನಿಲ್ಲಿಸಿದರೆ ಗೇಣಿದಾರನ ಗತಿ ಏನು? ಅದಕ್ಕೇ ಈ ನಿಯಮ.

ನಮ್ಮ ದಾದಾ ಗೇಣಿಗೆ ಮಾಡುತ್ತಿದ್ದ ಗದ್ದೆ ಹೀಗೆಯೇ ಅವರ ಹೆಸರಿಗಾಯಿತು. ದಾದಿ ಇಂದಿಗೂ ಅದನ್ನು 'ಸಾತ್ ನಂಬರ್' ಜಮೀನು ಅನ್ನುತ್ತಾರೆ. ಅಮ್ಮಿಯ ಕಡೆಯ ನಾನಾ ಕೂಲಿಯಾಳು. ಗೇಣಿಯೇ ಇಲ್ಲದವರಿಗೆ ಆ ಫಾರಂನಿಂದ ಏನೂ ಬರಲಿಲ್ಲ. ಕಾನೂನಿನ ದೊಡ್ಡ ಕೊರತೆ ಇದೇ.

ಇನ್ನು ಪಟ್ಟಿ. 1972ರಲ್ಲಿ ಎಲ್.ಜಿ. ಹಾವನೂರು ಅಧ್ಯಕ್ಷತೆಯಲ್ಲಿ ಹಿಂದುಳಿದ ವರ್ಗಗಳ ಆಯೋಗ ನೇಮಕವಾಯಿತು. 1975ರಲ್ಲಿ ವರದಿ ಬಂತು. ವರದಿ ಮುಸ್ಲಿಮರನ್ನು ಹಿಂದುಳಿದವರ ಪಟ್ಟಿಗೆ ಸೇರಿಸಿರಲಿಲ್ಲ. ಸರ್ಕಾರ 1977ರ ಆದೇಶದಲ್ಲಿ ಸೇರಿಸಿತು. ಪ್ರತ್ಯೇಕವಾಗಿ 2ಬಿ, ಶೇ. 4 ಎಂದಾಗಿದ್ದು 1995ರಲ್ಲಿ, ದೇವೇಗೌಡರ ಕಾಲದಲ್ಲಿ. 2023ರಲ್ಲಿ ಅದನ್ನು ತೆಗೆಯುವ ಆದೇಶ ಹೊರಟು, ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಆದ್ದರಿಂದ ಇದು ಬರೀ ಇತಿಹಾಸದ ಪಾಠವಲ್ಲ, ನಮ್ಮ ಸೀಟಿನ ಪ್ರಶ್ನೆ.

ಅರಸು ಅವರನ್ನು ಹೊಗಳುವಾಗ ತುರ್ತು ಪರಿಸ್ಥಿತಿಯನ್ನು ಮರೆಯಬಾರದು. ಆಗ ರಾಜ್ಯದಲ್ಲಿ ಆಡಳಿತ ನಡೆಸಿದವರು ಅವರೇ. ಭ್ರಷ್ಟಾಚಾರದ ಆರೋಪಗಳ ಬಗ್ಗೆ ಗ್ರೋವರ್ ಆಯೋಗದ ವಿಚಾರಣೆಯೂ ನಡೆಯಿತು.

1978ರಲ್ಲಿ ಚಿಕ್ಕಮಗಳೂರಿನಿಂದ ಇಂದಿರಾ ಗಾಂಧಿಯವರನ್ನು ಗೆಲ್ಲಿಸಲು ದುಡಿದ ಅರಸು, ಮರುವರ್ಷವೇ ಅವರಿಂದ ಬೇರೆಯಾದರು. 1980ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28 ಸ್ಥಾನಗಳ ಪೈಕಿ 27 ಇಂದಿರಾ ಕಾಂಗ್ರೆಸ್ ಪಾಲಾದವು. ಅರಸು ಪಕ್ಷಕ್ಕೆ ಒಂದೂ ಇಲ್ಲ. ಅದೇ ತಿಂಗಳು ಅವರು ಕುರ್ಚಿ ಬಿಟ್ಟರು. 1982ರ ಜೂನ್ 6ರಂದು ತೀರಿಕೊಂಡರು.

ಅವರಿಂದ ಜಮೀನು ಪಡೆದವರೇ ಅವರಿಗೆ ಏಕೆ ಓಟು ಹಾಕಲಿಲ್ಲ ಎಂದು ದಾದಿಯನ್ನು ಕೇಳಿದೆ. "ಯಾವ ಅರಸು? ಜಮೀನು ಕೊಟ್ಟದ್ದು ಇಂದಿರಮ್ಮ ಅಲ್ವಾ ಬೇಟಾ?" ಎಂದರು.