ದೇವದಾಸನ ದುಃಖ: ಕಾದಂಬರಿಯಿಂದ ಚಿತ್ರಕ್ಕೆ

ಶರತ್‌ಚಂದ್ರರ ‘ದೇವದಾಸ’ (1917) ಕಾದಂಬರಿಯ ಕೊನೆಯಲ್ಲಿ ನಿರೂಪಕನೇ ಮುಂದೆ ಬಂದು, ಪಾರ್ವತಿಯ ಗಂಡನ ಮನೆಯೆದುರು ಅನಾಥನಂತೆ ಮಡಿದ ನಾಯಕನಿಗಾಗಿ ಓದುಗರ ಕರುಣೆಯನ್ನು ಯಾಚಿಸುತ್ತಾನೆ. ಸುದ್ದಿ ತಿಳಿದು ಓಡಿದ ಪಾರ್ವತಿಯನ್ನು ಆಳುಗಳು ಮೂರ್ಛಿತಳಾಗಿ ಒಳಗೆ ತರುತ್ತಾರೆ. ಬಿಮಲ್ ರಾಯ್ ಅವರ 1955ರ ಹಿಂದಿ ಚಿತ್ರದಲ್ಲಾದರೋ ಅವಳ ಮುಖದೆದುರೇ ಹೆಬ್ಬಾಗಿಲು ಮುಚ್ಚಿಕೊಳ್ಳುತ್ತದೆ. ಇದನ್ನು ಮೂಲದಿಂದ ದೂರ ಸರಿದುದೆಂದು ಆಕ್ಷೇಪಿಸುವುದು ಸುಲಭ. ಆದರೆ ನಿರೂಪಕನ ಯಾಚನೆ ಮಾಡಲಾರದ್ದನ್ನು ಆ ಬಾಗಿಲು ಮಾಡಿದೆ. ದುಃಖವು ವ್ಯಕ್ತಿಯ ದೌರ್ಬಲ್ಯವಾಗಿ ಉಳಿಯದೆ ಮನೆತನದ ಕೃತ್ಯವಾಗುತ್ತದೆ.

ರಾಯ್ ಅವರು 1935ರಲ್ಲಿ ಪ್ರಮಥೇಶ ಬರುವಾ ಅವರ ‘ದೇವದಾಸ’ಕ್ಕೆ ಛಾಯಾಗ್ರಾಹಕರಾಗಿದ್ದವರು. ಅದರ ಬಂಗಾಳಿ ಆವೃತ್ತಿ ಬಾಂಗ್ಲಾದೇಶದಲ್ಲಷ್ಟೇ ಉಳಿದಿದ್ದು, ಪ್ರತಿಯೊಂದು ಅನಂತರ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವನ್ನು ಸೇರಿತು. ಕಾದಂಬರಿಯನ್ನಷ್ಟೇ ಓದಿ ಚಿತ್ರಾನುವಾದವನ್ನು ಅಳೆಯುವ ಸಾಹಿತ್ಯ ವಿದ್ಯಾರ್ಥಿ ಅಲ್ಲಿಯೂ ಕೆಲದಿನ ಕುಳಿತು ನೋಡಬೇಕು.