ಹಳೆಯ ವಾಹನದ ಕುಸಿದ ಹಿಂಬದಿ ಕಮಾನು: ದುರಸ್ತಿಗೆ ಮುನ್ನ ತಿಳಿಯಬೇಕಾದ ಸಂಗತಿಗಳು

ಖಾನಾಪುರ ಭಾಗದ ಇಟ್ಟಿಗೆ, ಹೆಂಚು, ಮಣ್ಣಿನ ಸಾಮಾನು ಹಾಗೂ ಬೆಳಗಾವಿಯ ಉದ್ಯಮಬಾಗದಲ್ಲಿ ತಯಾರಾಗುವ ಎರಕದ ಬಿಡಿಭಾಗಗಳು ಗಾತ್ರದಲ್ಲಿ ಚಿಕ್ಕವು, ತೂಕದಲ್ಲಿ ದೊಡ್ಡವು. ಇವುಗಳ ಸಾಗಣೆಗೆ ಸಣ್ಣ ಉದ್ದಿಮೆದಾರರು ನೆಚ್ಚಿಕೊಂಡಿರುವುದು ಹತ್ತು, ಹದಿನೈದು ವರ್ಷ ದುಡಿದ ಟಾಟಾ 407, ಟಾಟಾ 207 ಅಥವಾ ಮಹೀಂದ್ರ ಪಿಕಪ್‌ಗಳನ್ನು. ಇಂತಹ ವಾಹನ ಖಾಲಿ ನಿಂತಾಗಲೂ ಹಿಂಭಾಗ ಕುಸಿದಂತೆ ಕಂಡರೆ ಮಾಲೀಕರು ಸಾಮಾನ್ಯವಾಗಿ ಹೇಳುವ ಮಾತು ಒಂದೇ: "ಒಂದು ಪಾಟಾ ಜಾಸ್ತಿ ಹಾಕಿ." ಈ ಪರಿಹಾರ ಅಗ್ಗವೆಂದು ತೋರುತ್ತದೆಯಾದರೂ ಬಹುತೇಕ ಸಂದರ್ಭಗಳಲ್ಲಿ ದುಬಾರಿಯಾಗಿಯೇ ಪರಿಣಮಿಸುತ್ತದೆ.

ಮೊದಲು ಮಾಡಬೇಕಾದುದು ಅಳತೆ. ಸಮತಟ್ಟಾದ ನೆಲದಲ್ಲಿ, ಎಲ್ಲ ಟೈರುಗಳಲ್ಲೂ ನಿಗದಿತ ಗಾಳಿ ತುಂಬಿಸಿ, ವಾಹನವನ್ನು ಖಾಲಿ ನಿಲ್ಲಿಸಬೇಕು. ಹಿಂಬದಿ ಆಕ್ಸಲ್‌ನಿಂದ ಚಾಸಿಯವರೆಗಿನ ಎತ್ತರವನ್ನು ಎಡಬಲ ಎರಡೂ ಕಡೆ ಅಳೆದು ಬರೆದುಕೊಳ್ಳಬೇಕು. ಒಂದೇ ಬದಿ ತಗ್ಗಿದ್ದರೆ ಪಾಟಾ ತುಂಡಾಗಿರುವ, ಸೆಂಟರ್ ಬೋಲ್ಟ್ ಮುರಿದಿರುವ ಅಥವಾ ಶ್ಯಾಕಲ್ ಪಿನ್ನು ಮತ್ತು ಬುಷ್ ಸವೆದಿರುವ ಸಂಭವವೇ ಹೆಚ್ಚು. ಎರಡೂ ಬದಿ ಸಮನಾಗಿ ಕುಸಿದಿದ್ದರೆ ಉಕ್ಕೇ ದಣಿದಿದೆ ಎಂದು ತಿಳಿಯಬಹುದು. ಶಾಕ್ ಅಬ್ಸಾರ್ಬರ್ ಬದಲಿಸಿದರೆ ಎತ್ತರ ಮರಳುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಅದು ಸರಿಯಲ್ಲ. ಕಮಾನಿನ ಕುಣಿತವನ್ನು ತಡೆಯುವುದಷ್ಟೇ ಅದರ ಕೆಲಸ. ಭಾರ ಹೊರುವುದು ಕಮಾನು.

ಕುಸಿತಕ್ಕೆ ಕಾರಣ ಅತಿಭಾರ ಒಂದೇ ಅಲ್ಲ. ಖಾನಾಪುರ ತಾಲ್ಲೂಕಿನ ಮಳೆ, ಕೆಸರು ಪಾಟಾಗಳ ನಡುವೆ ಸೇರಿ ತುಕ್ಕು ಹಿಡಿಸುತ್ತವೆ. ಪಾಟಾದ ಬಿಗುವು ಅದರ ದಪ್ಪದ ಘನಕ್ಕೆ ಅನುಗುಣವಾಗಿರುವುದರಿಂದ, 10 ಮಿ.ಮೀ. ಪಾಟಾ ತುಕ್ಕಿನಿಂದ 9 ಮಿ.ಮೀ.ಗೆ ಇಳಿದರೆ ಬಿಗುವು ಸುಮಾರು ಶೇ. 27ರಷ್ಟು ಕಡಿಮೆಯಾಗುತ್ತದೆ. ಒಂದೇ ಮಿಲಿಮೀಟರ್ ಎಂದು ಉಪೇಕ್ಷಿಸುವಂತಿಲ್ಲ. ತುಕ್ಕು ಕೊರೆದ ಸಣ್ಣ ಗುಳಿಗಳಿಂದಲೇ ಮುಂದೆ ಬಿರುಕು ಆರಂಭವಾಗುತ್ತದೆ.

ಇನ್ನೊಂದು ಕಾರಣ ವ್ಯಾಪಾರಿಗಳ ಲೆಕ್ಕದಲ್ಲೇ ಅಡಗಿದೆ. ಇಟ್ಟಿಗೆಯನ್ನು ಎಣಿಕೆಯಿಂದ ಮಾರಲಾಗುತ್ತದೆ, ಆದರೆ ಕಮಾನು ಹೊರುವುದು ತೂಕವನ್ನು. ಸಾಮಾನ್ಯ ಇಟ್ಟಿಗೆ ತನ್ನ ತೂಕದ ಶೇ. 20ರವರೆಗೆ ನೀರು ಹೀರಲು ಭಾರತೀಯ ಮಾನಕವೇ (ಐ.ಎಸ್. 1077) ಅವಕಾಶ ನೀಡಿದೆ. ತಲಾ 3 ಕಿ.ಗ್ರಾಂ. ತೂಗುವ ಸಾವಿರ ಒಣ ಇಟ್ಟಿಗೆ 3 ಟನ್ನಾದರೆ, ಮಳೆಯಲ್ಲಿ ಚೆನ್ನಾಗಿ ನೆನೆದ ಅದೇ ಸಾವಿರ 3.6 ಟನ್ ತೂಗಬಹುದು. ಎಣಿಕೆ ಬದಲಾಗಿಲ್ಲವೆಂದು ಚಾಲಕನೂ ಮಾಲೀಕನೂ ನಿಶ್ಚಿಂತರಾಗಿರುತ್ತಾರೆ. ಎರಕದ ಮಾಲಿನಲ್ಲಿ ತೊಂದರೆ ಬೇರೆ ಬಗೆಯದು. ಇಳಿಸಲು ಸುಲಭವೆಂದು ಹಿಂಬಾಗಿಲ ಬಳಿಯೇ ಪೇರಿಸುವ ರೂಢಿಯಿದೆ. ಮುಂದಿನ, ಹಿಂದಿನ ಆಕ್ಸಲ್‌ಗಳ ನಡುವೆ 3 ಮೀಟರ್ ಅಂತರವಿರುವ ವಾಹನದಲ್ಲಿ, ಹಿಂದಿನ ಆಕ್ಸಲ್‌ಗಿಂತ ಅರ್ಧ ಮೀಟರ್ ಹಿಂದೆ 1,000 ಕಿ.ಗ್ರಾಂ. ಇಟ್ಟರೆ ಹಿಂಬದಿ ಆಕ್ಸಲ್ ಮೇಲೆ ಬೀಳುವುದು ಸುಮಾರು 1,167 ಕಿ.ಗ್ರಾಂ. ಮುಂಬದಿಯ ಭಾರ ಅಷ್ಟರ ಮಟ್ಟಿಗೆ ಇಳಿದು ಸ್ಟೇರಿಂಗ್ ಹಗುರವಾಗುತ್ತದೆ. ಚೋರ್ಲಾ ಘಾಟಿನ ತಿರುವುಗಳಲ್ಲಿ ಅದು ಅಪಾಯಕರ.

ದುರಸ್ತಿಯ ಮಾರ್ಗಗಳು

ಹಳೆಯ ಪಾಟಾಗಳನ್ನು ಬಿಚ್ಚಿ ಸುತ್ತಿಗೆಯಿಂದ ಬಡಿದು ಮತ್ತೆ ಬಾಗಿಸುವುದು ಅತ್ಯಂತ ಅಗ್ಗದ ವಿಧಾನ. ಆದರೆ ತಣ್ಣಗಿರುವಾಗ ಬಡಿದು ಕೊಟ್ಟ ಬಾಗು ಕೆಲವೇ ತಿಂಗಳುಗಳಲ್ಲಿ ಇಳಿಯುವುದು ಸಾಮಾನ್ಯ. ಸರಿಯಾದ ಕ್ರಮವೆಂದರೆ ಉಕ್ಕನ್ನು ಸುಮಾರು 850ರಿಂದ 900 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಬಾಗಿಸಿ, ಎಣ್ಣೆಯಲ್ಲಿ ತಣಿಸಿ, ಮತ್ತೆ 400ರಿಂದ 500 ಡಿಗ್ರಿಯಲ್ಲಿ ಹದಗೊಳಿಸುವುದು. ಈ ಸೌಲಭ್ಯವಿಲ್ಲದ ಕಡೆ ಹೊಸ ಸೆಟ್ ಹಾಕುವುದೇ ಮೇಲು. ತುಂಡಾದ ಪಾಟಾಕ್ಕೆ ವೆಲ್ಡಿಂಗ್ ಮಾಡುವುದನ್ನಂತೂ ಯಾರೂ ಒಪ್ಪಬಾರದು. ಬೆಸುಗೆಯ ಅಂಚಿನಲ್ಲಿ ಉಕ್ಕು ಪೆಡಸಾಗಿ ಅಲ್ಲಿಯೇ ಮುರಿಯುತ್ತದೆ.

ಹೆಚ್ಚುವರಿ ಪಾಟಾದಿಂದ ಹಿಂಭಾಗ ಮೇಲೇಳುವುದು ನಿಜ. ಆದರೆ ಆಕ್ಸಲ್, ಹಬ್, ಟೈರು, ಬ್ರೇಕು ಮೊದಲಿನವೇ ಆಗಿರುತ್ತವೆ. ವಾಹನದ ಸಾಮರ್ಥ್ಯ ಹೆಚ್ಚುವುದಿಲ್ಲ, ಅತಿಭಾರ ಕಣ್ಣಿಗೆ ಕಾಣದಂತಾಗುತ್ತದೆ, ಅಷ್ಟೆ. ನೋಂದಣಿ ಪತ್ರದಲ್ಲಿ ನಮೂದಾದ ಒಟ್ಟು ತೂಕವೇ ಆ ವಾಹನದ ಮಿತಿ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 194ನೇ ಕಲಂ ಅನ್ವಯ ಅತಿಭಾರಕ್ಕೆ ರೂ. 20,000 ಹಾಗೂ ಪ್ರತಿ ಹೆಚ್ಚುವರಿ ಟನ್ನಿಗೆ ರೂ. 2,000 ದಂಡವಿದೆ, ಮಾಲು ಇಳಿಸುವ ಖರ್ಚೂ ಮಾಲೀಕರದೇ. ಒಂದು ಸಲ ಸಿಕ್ಕಿಬಿದ್ದರೆ ಹಲವು ಟ್ರಿಪ್ಪುಗಳ ಲಾಭ ಹೋದಂತೆ.

ಮಾಲೀಕರು ಸ್ವಂತಕ್ಕೆ ಬಳಸುವ ಸುಮೋ, ಬೊಲೆರೊ ವಾಹನಗಳಲ್ಲೂ ಹಿಂಬದಿಗೆ ಪಾಟಾಗಳೇ ಇದ್ದು ಇದೇ ವಿವರಣೆ ಸಲ್ಲುತ್ತದೆ. ಸ್ಕಾರ್ಪಿಯೊ, ಹಳೆಯ ಸಫಾರಿಗಳಲ್ಲಿರುವುದು ಸುರುಳಿ ಸ್ಪ್ರಿಂಗ್. ಅದನ್ನು ಜೋಡಿಯಾಗಿಯೇ ಬದಲಿಸಬೇಕು. ರಬ್ಬರ್ ಸ್ಪೇಸರ್ ತುರುಕುವುದರಿಂದ ಎತ್ತರ ಬರುತ್ತದೆ, ಕಳೆದುಹೋದ ಬಲ ಬರುವುದಿಲ್ಲ.

ಜೋಡಣೆಯ ವೇಳೆ ಹಳೆಯ ಯು-ಬೋಲ್ಟುಗಳನ್ನು ಮರುಬಳಕೆ ಮಾಡಬಾರದು. ಅವು ಒಮ್ಮೆ ಬಿಗಿಗೊಂಡು ಹಿಗ್ಗಿರುತ್ತವೆ. ರಬ್ಬರ್ ಬುಷ್‌ಗಳಿದ್ದಲ್ಲಿ ಪಿನ್ನುಗಳ ಅಂತಿಮ ಬಿಗಿತವನ್ನು ವಾಹನವು ಚಕ್ರಗಳ ಮೇಲೆ ನಿಂತಿರುವಾಗ ಮಾಡಬೇಕು. ಜಾಕಿನ ಮೇಲಿರುವಾಗ ಬಿಗಿದರೆ ಬುಷ್ ತಿರುಚಿಕೊಂಡು ಬೇಗ ಹರಿಯುತ್ತದೆ. ಗ್ಯಾರೇಜುಗಳಲ್ಲಿ ಹೆಚ್ಚಾಗಿ ಮರೆತುಹೋಗುವ ಅಂಶ ಇನ್ನೊಂದಿದೆ. ಕೆಲವು ವಾಹನಗಳಲ್ಲಿ ಹಿಂಬದಿಯ ಎತ್ತರವನ್ನು ನೋಡಿ ಬ್ರೇಕಿನ ಒತ್ತಡವನ್ನು ಹಂಚುವ ವಾಲ್ವ್ ಇರುತ್ತದೆ. ಕಮಾನು ಎತ್ತರಿಸಿದಾಗ ವಾಹನ ಖಾಲಿಯಿದೆಯೆಂಬಂತೆ ಅದು ವರ್ತಿಸಿ, ಮಾಲು ತುಂಬಿದ್ದರೂ ಹಿಂಬದಿ ಬ್ರೇಕನ್ನು ತಗ್ಗಿಸುತ್ತದೆ. ಆದುದರಿಂದ ಅದರ ಸಲಾಕೆಯನ್ನು ತಯಾರಕರು ಸೂಚಿಸಿದ ಅಳತೆಗೆ ಮರುಹೊಂದಿಸಬೇಕು.

ಹೊಸ ಸೆಟ್ ಹಾಕಿ ಸುಮಾರು 500 ಕಿ.ಮೀ. ಓಡಿಸಿದ ಮೇಲೆ ಯು-ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಯಬೇಕು, ಹೆಡ್‌ಲೈಟಿನ ಕೋನವನ್ನೂ ಸರಿಪಡಿಸಬೇಕು. ಆಗಲೇ ಆಕ್ಸಲ್‌ನಿಂದ ಚಾಸಿಗೆ ಇರುವ ಎತ್ತರವನ್ನು ಮತ್ತೆ ಅಳೆದು ವಾಹನದ ಪುಸ್ತಕದಲ್ಲಿ ದಿನಾಂಕದೊಡನೆ ಬರೆದಿಟ್ಟರೆ, ಮುಂದಿನ ಮಳೆಗಾಲ ಕಳೆದ ನಂತರ ಹೋಲಿಸಿ ನೋಡಲು ಆಧಾರವಿರುತ್ತದೆ.